ಬ್ರೂನೆಲ್ ನಿಕ್ಷೇಪ ವಿಚಾರ

ಜಿಯೋಕ್ಯಾಶ್ ಎಂದರೆ, ಒಬ್ಬರು ಗುಟ್ಟಾಗಿ ಅಡಗಿಸಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಲೋಕಕ್ಕೆಲ್ಲ ಸಾರಿದ ಡಬ್ಬಿ. ಜಿಪಿಎಸ್ ಹಿಡಿದು ಅದನ್ನು ಪತ್ತೆಮಾಡಿದವರು ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲಿಯೇ ಇಟ್ಟು ಮರಳಬೇಕು. ಕನ್ನಡ ದಾನಶಾಸನಗಳು ಭೂಮಿಯ ಮೇಲಿನ ಎಂಟು ಬಗೆಯ ಹಕ್ಕುಗಳಾದ ಅಷ್ಟಭೋಗಗಳನ್ನು ಎಣಿಸುವಾಗ ನಿಧಿಯನ್ನೂ ನಿಕ್ಷೇಪವನ್ನೂ ಬೇರೆಬೇರೆಯಾಗಿ ಹೇಳುವುದರಿಂದ ಇದು ಯಾವ ವರ್ಗದ್ದೆಂಬ ಜಿಜ್ಞಾಸೆ ಅನಿವಾರ್ಯ. ಸಿಕ್ಕರೂ ಮನೆಗೆ ಒಯ್ಯುವಂತಿಲ್ಲವಾದ್ದರಿಂದ ನಿಧಿಯಲ್ಲ, ನಿಕ್ಷೇಪವೇ ಸರಿ.

ಜಿಪಿಎಸ್ ಸಂಕೇತಗಳನ್ನು ಬೇಕೆಂದೇ ಮಸುಕುಗೊಳಿಸುವುದನ್ನು ಅಮೆರಿಕ ಸರ್ಕಾರ ಕೈಬಿಟ್ಟ ಮರುದಿನ, 2000ದ ಮೇ 3ರಂದು, ಆರೆಗಾನ್‌ನಲ್ಲಿ ಈ ಆಟ ಹುಟ್ಟಿತೆಂಬುದು ಪೂರ್ವಪಕ್ಷ. ಇಂಗ್ಲೆಂಡಿನ ಇಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ (1806–1859) ಸ್ಮರಣಾರ್ಥ, ಅವನೇ ವಿನ್ಯಾಸಗೊಳಿಸಿದ ಬ್ರಿಸ್ಟಲ್‌ನ ಕ್ಲಿಫ್ಟನ್ ತೂಗುಸೇತುವೆಯ ಬಳಿ ಡಬ್ಬಿ ಅಡಗಿಸಹೊರಡುವ ಭಕ್ತರು ಇದನ್ನು ಒಪ್ಪಬೇಕಾಗಿಲ್ಲ. 1843ರ ಏಪ್ರಿಲ್‌ನಲ್ಲಿ ಮಕ್ಕಳೆದುರು ಜಾದೂ ತೋರಿಸುತ್ತಿದ್ದ ಬ್ರೂನೆಲ್, ಸುಮಾರು 19 ಮಿಲಿಮೀಟರ್ ವ್ಯಾಸದ ಅರ್ಧ ಸಾವರಿನ್ ಚಿನ್ನದ ನಾಣ್ಯವನ್ನು ಬಾಯಲ್ಲಿ ಮರೆಮಾಡಲು ಹೋಗಿ ಶ್ವಾಸನಾಳಕ್ಕೆ ಇಳಿಸಿಕೊಂಡನು. ಅಡಗಿಸಿದವನೇ ಅಡಗುತಾಣವೂ ಆದ, ಮೇಲಾಗಿ ಆ ತಾಣ ಕೆಮ್ಮುತ್ತಲೂ ಇದ್ದ ನಿಕ್ಷೇಪ ಇದು. ಎಕ್ಸ್-ರೇ ಇನ್ನೂ ಅರ್ಧ ಶತಮಾನ ದೂರವಿದ್ದ ಆ ಕಾಲದಲ್ಲಿ ಶಸ್ತ್ರವೈದ್ಯ ಬೆಂಜಮಿನ್ ಬ್ರೋಡಿ ಗಂಟಲು ಸೀಳಿ ಚಿಮಟ ಇಳಿಸಿ ನೋಡಿದರೂ ನಾಣ್ಯ ಸಿಗಲಿಲ್ಲ. ಕೊನೆಗೆ ತಿರುಗುಹಲಗೆಯೊಂದಕ್ಕೆ ರೋಗಿಯನ್ನೇ ಬಿಗಿದು, ತಲೆಕೆಳಗು ಮಾಡಿ ಅಲುಗಾಡಿಸಿದಾಗ, ಸುಮಾರು ಆರು ವಾರಗಳ ತರುವಾಯ ಅದು ಹೊರಬಿತ್ತು. ಶೋಧದ ಕಾಠಿಣ್ಯವನ್ನು 1ರಿಂದ 5ರವರೆಗೆ ಅಳೆಯುವ ಇಂದಿನ ಕ್ರಮದಲ್ಲಿ ಇದಕ್ಕೆ 5 ಕೊಡಲು ಯಾವ ವಿದ್ವಾಂಸನೂ ಹಿಂಜರಿಯಲಾರ. ಚೀಟಿಯಿರಲಿಲ್ಲವೆಂಬ ಆಕ್ಷೇಪವೊಂದುಂಟು, ಆದರೆ ಸಂಗತಿ ಪತ್ರಿಕೆಗಳಲ್ಲಿಯೇ ದಾಖಲಾದುದರಿಂದ ಅದು ನಿಲ್ಲುವುದಿಲ್ಲ.

ಎರಡನೆಯ ನಿಕ್ಷೇಪದ ಗಾತ್ರವೇ ಬೇರೆ. ಬ್ರೂನೆಲ್ ತೀರಿಕೊಂಡು ಐದು ವರ್ಷಗಳಾದ ಮೇಲೆ, 1864ರಲ್ಲಿ, ತೆರೆದ ಆ ಸೇತುವೆಯ ಲೀ ವುಡ್ಸ್ ಬದಿಯ ಗೋಪುರವನ್ನು ಹೊತ್ತ ಕಲ್ಲುಕಟ್ಟೆ ಒಳಗೂ ಗಟ್ಟಿಯೆಂದೇ ಬಹುಕಾಲ ನಂಬಲಾಗಿತ್ತು. 2002ರಲ್ಲಿ ನೋಡಿದರೆ ಅದರೊಳಗೆ 12 ಕಮಾನು ಕೋಣೆಗಳು, ಕೆಲವು 11 ಮೀಟರ್ ಎತ್ತರದವು! ಅಕ್ಷಾಂಶ ಎಲ್ಲರಿಗೂ ಗೊತ್ತಿದ್ದು, ಅಲ್ಲೊಂದು ಅಡಗುತಾಣವಿದೆಯೆಂಬುದು ಮಾತ್ರ ಗೊತ್ತಿಲ್ಲದ ಇಂಥದನ್ನು ವಿಲೋಮ ನಿಕ್ಷೇಪವೆನ್ನಬಹುದು.

ಹೀಗಿರಲು, ಸ್ಮಾರಕ ಡಬ್ಬಿಗೆ ಹಳೆಯ ಫಿಲ್ಮ್ ರೋಲಿನ ಪುಟ್ಟ ಡಬ್ಬಿಯೇ ಶಾಸ್ತ್ರಸಮ್ಮತ, ಏಕೆಂದರೆ ಅರ್ಧ ಸಾವರಿನ್ ಅದರಲ್ಲಿ ಸಲೀಸಾಗಿ ಹಿಡಿಯುತ್ತದೆ. ಅದರೊಳಗೆ ನಾಣ್ಯ ಇಡಬಯಸುವ ಭಕ್ತರು, ಎರಡೂ ಕೈಗಳಿಗೆ ಕೆಲಸವಿದ್ದಾಗಲೂ, ಅದನ್ನು ಬಾಯಲ್ಲಿ ಹಿಡಿದುಕೊಳ್ಳಬಾರದೆಂದು ವಿನಂತಿ.