ಎಂಟು ಪಟ್ಟು ಸಾಕು ಸ್ವಾಮಿ

ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಹೊಸಕೋಟೆಗೆ ಎರಡು ಬಗೆಯ ಜನ ಹೊರಡುತ್ತಾರೆ. ಒಬ್ಬರು ದಮ್ ಬಿರಿಯಾನಿಯವರು, ಇನ್ನೊಬ್ಬರು ಹಕ್ಕಿಯವರು. ಬಿರಿಯಾನಿಯವರು ಬೆಳಗಿನ ಜಾವ ನಾಲ್ಕಕ್ಕೇ ಬಂದು ಸಾಲಿನಲ್ಲಿ ನಿಂತು, ಬೆಳಕು ಹರಿಯುವುದರೊಳಗೆ ಕೆಲಸ ಮುಗಿಸಿ ಕೈ ತೊಳೆದಿರುತ್ತಾರೆ. ಹಕ್ಕಿಯವರು ಬರುವುದು ಎಂಟೂವರೆಗೆ. ಹಕ್ಕಿ ನೋಡಲು ಸೂರ್ಯೋದಯದ ಹೊತ್ತೇ ಸರಿ ಎಂದು ಪುಸ್ತಕದಲ್ಲಿ ಓದಿ ಅಡಿಗೆರೆ ಎಳೆದವರೂ ಇವರೇ. ಆದರೆ ಯಾವ ಬೈನಾಕ್ಯುಲರ್ ಕೊಳ್ಳಬೇಕು ಎಂದು ರಾತ್ರಿ ಎರಡರವರೆಗೆ ವಿಡಿಯೊ ನೋಡಿದವರನ್ನು ನಸುಕಿನಲ್ಲಿ ಏಳಿ ಅಂದರೆ ಅವರಾದರೂ ಹೇಗೆ ಎದ್ದಾರು?

ಹೊಸಕೋಟೆ ಕೆರೆಯಲ್ಲಿ ಅವರಿಗಾಗಿ ಕಾಯುತ್ತಿರುವುದು ಹೆಜ್ಜಾರ್ಲೆ. ಕೊಕ್ಕಿನ ತುದಿಯಿಂದ ಬಾಲದವರೆಗೆ ನಾಲ್ಕು ಅಡಿ ಮೀರುವ ಹಕ್ಕಿ. ಅದರ ಪಕ್ಕದಲ್ಲಿ ಮೂರಡಿ ಎತ್ತರದ ಬಣ್ಣದ ಕೊಕ್ಕರೆ, ಮೊಣಕಾಲುದ್ದ ನೀರಿನಲ್ಲಿ, ಬಾಕಿ ವಸೂಲಿಗೆ ಬಂದವರ ಗತ್ತಿನಲ್ಲಿ ನಿಂತಿರುತ್ತದೆ. ಏರಿಯ ಮೇಲೆ ಬಟ್ಟೆ ಒಣಹಾಕುವ ಹೆಂಗಸಿಗೂ, ಗಾಳ ಹಾಕಿದ ಹುಡುಗನಿಗೂ ಇವು ಬರಿಗಣ್ಣಿಗೇ ಕಾಣುತ್ತವೆ. ನಮ್ಮ ಹಕ್ಕಿಯವರಿಗೆ ಮಾತ್ರ ಹನ್ನೆರಡು ಪಟ್ಟು ಬೇಕು. ಜೊತೆಗೆ ಕಾಡಿನ ಬಣ್ಣದ ಜಾಕೀಟು. ಪೂರ್ತಿ ಬಯಲಾದ ಏರಿಯ ಮೇಲೆ ನಿಂತು, ಎಲೆ ಚಿತ್ರದ ಅಂಗಿಯಲ್ಲಿ ಅವರು ಯಾರ ಕಣ್ಣು ತಪ್ಪಿಸುತ್ತಾರೋ, ಹೆಜ್ಜಾರ್ಲೆಗೂ ಗೊತ್ತಾಗಿಲ್ಲ.

ಪಾಪ, ತಪ್ಪು ಅವರದಲ್ಲ. ಬೆಂಗಳೂರಿನ ಸುತ್ತ ಬದುಕಿದವರಿಗೆ ಎರಡು ಅಂಕೆಗಳ ನಡುವೆ ಇಂಟು ಕಂಡರೆ ಕಣ್ಣ ಮುಂದೆ ಬರುವುದು ಸೈಟು. 30×40 ಎಂದರೆ ಮಧ್ಯಮ ವರ್ಗ. 40×60 ಎಂದರೆ ಮಾವನ ಮನೆ ಕಡೆಯವರು ಅನುಕೂಲಸ್ಥರು. ಈ ಸಂಸ್ಕಾರದಲ್ಲಿ ಬೆಳೆದವನ ಮುಂದೆ ಅಂಗಡಿಯವನು 8×25 ಎಂದು ಬರೆದ ಪುಟಾಣಿ ಬೈನಾಕ್ಯುಲರ್ ತಂದಿಟ್ಟರೆ ಮುಖ ಬಾಡದೆ ಏನಾದೀತು? ಇಷ್ಟರಲ್ಲಿ ಕಾರು ನಿಲ್ಲಿಸುವುದೆಲ್ಲಿ, ಬಾಡಿಗೆಗೆ ಮೇಲೊಂದು ಮನೆ ಕಟ್ಟುವುದೆಲ್ಲಿ! 10×42 ತೋರಿಸಿದರೆ ಕಣ್ಣರಳುತ್ತದೆ. ಆನ್‌ಲೈನಿನಲ್ಲಿ ‘100×180, ರಾತ್ರಿಯಲ್ಲೂ ಕಾಣುತ್ತದೆ’ ಎಂಬ ಅಗ್ಗದ ಮಾಲು ಕಂಡಿತೋ, ಕಾರ್ನರ್ ಸೈಟೇ ಸಿಕ್ಕಿದ ಹಿಗ್ಗು. ಆ ಅಂಕೆ ನಿಜವಾಗಿದ್ದರೆ ಮುಂದಿನ ಒಂದೊಂದು ಗಾಜೂ ಹದಿನೆಂಟು ಸೆಂಟಿಮೀಟರ್ ಅಗಲ ಇರಬೇಕು. ಮನೆಗೆ ಬಂದ ಪೊಟ್ಟಣವೇ ಅಷ್ಟಗಲ ಇರುವುದಿಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಮಗು ಹಟ ಹಿಡಿದಾಗ ಕೊಡಿಸುವ ಪ್ಲಾಸ್ಟಿಕ್ ದುರ್ಬೀನು ಇದಕ್ಕಿಂತ ಸತ್ಯಸಂಧ. ಅದು ಯಾವ ಅಂಕೆಯನ್ನೂ ಹೇಳಿಕೊಳ್ಳುವುದಿಲ್ಲ.

ಲೆಕ್ಕ ನಿಜಕ್ಕೂ ಮೂರನೇ ಕ್ಲಾಸಿನದು. ಮೊದಲ ಅಂಕೆ, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು, ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿನೊಳಕ್ಕೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 8×42ರಲ್ಲಿ ಅದು ಐದು ಮಿ.ಮೀ. ಚಿಲ್ಲರೆ, 8×25ರಲ್ಲಿ ಮೂರು ಚಿಲ್ಲರೆ, 10×25ರಲ್ಲಿ ಬರೀ ಎರಡೂವರೆ. ನಮ್ಮ ಕಣ್ಣಿನ ಪಾಪೆ ಮಬ್ಬುಗತ್ತಲಲ್ಲಿ ಐದರಿಂದ ಏಳು ಮಿ.ಮೀ. ಅರಳುತ್ತದೆ, ಬಿಸಿಲಿನಲ್ಲಿ ಎರಡು ಮೂರಕ್ಕೆ ಮುದುಡುತ್ತದೆ. ಆದ್ದರಿಂದ ಬಲ್ಲವರೆಲ್ಲ ಹೇಳುವುದು ಒಂದೇ: ನಸುಕಿನ ಹಕ್ಕಿಗೆ 42 ಮಿ.ಮೀ. ಗಾಜು, ಸಣ್ಣ ಗಾಜಿನಲ್ಲಿ ಮಬ್ಬೇ ಗತಿ.

ಹಾಗೆ ಹೇಳಿದ ಯುರೋಪಿನ ಪಂಡಿತರು ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಸಿಕ್ಕಿಕೊಂಡವರಲ್ಲ. ನಮ್ಮವರು ಎದ್ದು, ಕಾಫಿ ಕುಡಿದು, ಮೂವರನ್ನು ಮೂರು ಬಡಾವಣೆಗಳಿಂದ ಕಾರಿಗೆ ಹತ್ತಿಸಿಕೊಂಡು, ಕೆ.ಆರ್. ಪುರ ದಾಟಿ, ಹೊಸಕೋಟೆಯಲ್ಲಿ ಉಳಿದ ಬಿರಿಯಾನಿ ಇದೆಯೋ ಎಂದು ಇಣುಕಿ ಏರಿ ಹತ್ತುವ ಹೊತ್ತಿಗೆ ಸೂರ್ಯ ನೆತ್ತಿಯ ದಾರಿ ಹಿಡಿದಿರುತ್ತಾನೆ. ಪಾಪೆ ಮುದುಡಿ ಎರಡಕ್ಕೆ ಬಂದಿರುತ್ತದೆ. ದೊಡ್ಡ ಗಾಜು ಕಷ್ಟಪಟ್ಟು ತಂದ ಐದು ಮಿ.ಮೀ. ಬೆಳಕಿನಲ್ಲಿ ಹೆಚ್ಚಿನದೆಲ್ಲ ಪಾಪೆಯ ಹೊರಗೇ ಚೆಲ್ಲಿ ಹೋಗುತ್ತದೆ. ಸೂರ್ಯನೊಂದಿಗೆ ಏಳುವ ಶಿಸ್ತು ಇದ್ದರೆ ಮುಕ್ಕಾಲು ಕಿಲೋದ 42 ತೆಗೆದುಕೊಳ್ಳಿ, ದುಡ್ಡು ದಂಡವಾಗುವುದಿಲ್ಲ. ನಮ್ಮ ನಿಮ್ಮಂಥವರ ಸೋಮಾರಿತನಕ್ಕೆ ಮುನ್ನೂರು ಗ್ರಾಂ ತೂಗುವ 8×25 ಹೇಳಿ ಮಾಡಿಸಿದ್ದು.

‘ಹಾಗಾದರೆ 10×25 ಆದರೂ ಇರಲಿ’ ಎಂದು ಚೌಕಾಸಿಗೆ ನಿಲ್ಲುವವರಿದ್ದಾರೆ. ಹತ್ತು ಪಟ್ಟಿನ ಬೈನಾಕ್ಯುಲರ್ ಹಕ್ಕಿಯೊಂದನ್ನೇ ಹತ್ತು ಪಟ್ಟು ಮಾಡಿ ಸುಮ್ಮನಿರುವುದಿಲ್ಲ. ಕೈ ನಡುಕವನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ. ಮಾಕಳಿದುರ್ಗವನ್ನು ಏದುಸಿರು ಬಿಡುತ್ತ ಹತ್ತಿ, ಹನ್ನೆರಡು ಪಟ್ಟಿನದನ್ನು ಕಣ್ಣಿಗಿಟ್ಟು ಹದ್ದು ನೋಡಿದವರಿಗೆ ಕಂಡದ್ದು ಸ್ವಂತ ನಾಡಿಮಿಡಿತ. ಪಟ್ಟು ಏರಿದಷ್ಟೂ ನೋಟದ ಹರವು ಕುಗ್ಗುತ್ತದೆ. ಎಂಟು ಪಟ್ಟಿನ ಒಳ್ಳೆಯ ಪುಟ್ಟ ಮಾದರಿಯಲ್ಲಿ ಕಿಲೋಮೀಟರ್ ದೂರದಲ್ಲಿ ನೂರು ಮೀಟರಿಗೂ ಹೆಚ್ಚು ಅಗಲದ ಜಾಗ ಕಾಣುತ್ತದೆ. ಹತ್ತಕ್ಕೆ ಹೋದರೆ ಅದು ಇನ್ನೂ ಕಿರಿದು. ಹೊಂಗೆ ಮರದಲ್ಲಿ ಸೂರಕ್ಕಿ ಎಂಬ ತುಂಟ ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದರೆ, ಹತ್ತು ಪಟ್ಟಿನವನು ಒಂದೊಂದೇ ಎಲೆಯನ್ನು ಸವಿಸ್ತಾರವಾಗಿ ನೋಡುತ್ತ ಹೋಗುತ್ತಾನೆ. ಸಸ್ಯಶಾಸ್ತ್ರಕ್ಕೆ ಅದೂ ಒಂದು ಸೇವೆ.

ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆಗಳೇ ಮುಖ್ಯವಾದವು. ಕನ್ನಡಕ ಹಾಕಿಕೊಂಡೇ ನೋಡಬಹುದೇ ಎಂದು ಕೇಳಬೇಕು. ಕಣ್ಣಿನ ಕಡೆಯ ಗಾಜಿನಿಂದ ಕನಿಷ್ಠ ಹದಿನೈದು ಮಿ.ಮೀ. ಹಿಂದೆ ಕಣ್ಣಿಟ್ಟರೂ ಪೂರ್ತಿ ನೋಟ ಸಿಗಬೇಕು. ಜೇಬಿನ ಮಾದರಿಗಳಲ್ಲಿ ಎಷ್ಟೋ ಇಲ್ಲೇ ಸೋಲುತ್ತವೆ. ಕನ್ನಡಕವಿಲ್ಲದ ಐಟಿ ಉದ್ಯೋಗಿಯೇ ಅಪರೂಪದ ಹಕ್ಕಿಯಾಗಿರುವ ಊರಿನಲ್ಲಿ ಇದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ವಿಚಾರಿಸುತ್ತಾರೆ. ಇನ್ನು ಮಡಿಚುವ ಕೀಲು. ನಡುವೆ ಎರಡು ಕೀಲಿದ್ದರೆ ಅಂಗಿಯ ಜೇಬಿಗೂ ಇಳಿಯುತ್ತದೆ, ಸರಿ. ಆದರೆ ತೆಗೆದಾಗಲೆಲ್ಲ ಎರಡೂ ಕೊಳವೆಗಳನ್ನು ಕಣ್ಣಿನ ಅಗಲಕ್ಕೆ ಹೊಂದಿಸಬೇಕು. ಹೊಂದಿಸಿ ಮುಗಿಯುವವರೆಗೆ ಮಿಂಚುಳ್ಳಿ ತಂತಿಯ ಮೇಲೆ ಕೂತು ಸಹಕರಿಸುವುದಿಲ್ಲ. ಬಲಗಣ್ಣಿನ ಬಳಿ ಇರುವ ಸಣ್ಣ ಉಂಗುರವನ್ನು ಒಮ್ಮೆ ತಿರುಗಿಸಿ ತಮ್ಮ ಎರಡು ಕಣ್ಣುಗಳ ವ್ಯತ್ಯಾಸ ಸರಿಮಾಡಿಕೊಳ್ಳಬೇಕೆಂಬುದು ಸಾವಿರಾರು ರೂಪಾಯಿ ಸುರಿದವರಲ್ಲೂ ಬಹುಮಂದಿಗೆ ಗೊತ್ತಿಲ್ಲ, ಅದನ್ನು ಅಲಂಕಾರವೆಂದುಕೊಂಡಿದ್ದಾರೆ. ತೀರಾ ಅಗ್ಗದ ಮಾಲಿನಲ್ಲಿ ಎರಡು ಕೊಳವೆಗಳ ನೋಟ ಒಂದಕ್ಕೊಂದು ಕೂಡುವುದೇ ಇಲ್ಲ. ಹಕ್ಕಿ ಎರಡೆರಡು ಕಾಣುತ್ತದೆ, ತಲೆ ನೋಯುತ್ತದೆ. ಅಂಥದ್ದನ್ನು ಕೊಂಡವರ ಹಕ್ಕಿಪಟ್ಟಿಯಲ್ಲಿ ಯಾವ ಹಕ್ಕಿಯೂ ಒಂಟಿಯಾಗಿಲ್ಲ, ಸದ್ಯ.

ಪಟ್ಟಿ ಎಂದಾಗ ನೆನಪಾಯಿತು. ಆಸ್ಟ್ರಿಯಾದ ಸ್ವರೋವ್‌ಸ್ಕಿ ಕಂಪನಿ 2024ರ ಜನವರಿಯಲ್ಲಿ ಎಎಕ್ಸ್ ವಿಸಿಯೊ ಎಂಬ ಬೈನಾಕ್ಯುಲರ್ ಹೊರತಂದಿತು. ಹಕ್ಕಿಯತ್ತ ಹಿಡಿದು ಗುಂಡಿ ಒತ್ತಿದರೆ ಅದರ ಹೆಸರನ್ನು ತಾನೇ ಒಳಗೆ ತೋರಿಸುತ್ತದೆ. ಅಮೆರಿಕದಲ್ಲಿ ಆಗ ಅದರ ಬೆಲೆ 4,799 ಡಾಲರ್ ಇತ್ತು, ಅಂದರೆ ನಾಲ್ಕು ಲಕ್ಷ ರೂಪಾಯಿಯ ಆಸುಪಾಸು. ತೂಕ ಒಂದು ಕಿಲೋ ಮೀರುತ್ತದೆ. ನೋಡುವ ಕಷ್ಟವನ್ನು ಗಾಜು ವಹಿಸಿಕೊಂಡಿತ್ತು, ಗುರುತಿಸುವ ಕಷ್ಟವನ್ನು ಚಿಪ್ ವಹಿಸಿಕೊಂಡಿತು. ಹೊರುವ ಕಷ್ಟವೊಂದೇ ಮನುಷ್ಯನಿಗೆ ಉಳಿದದ್ದು. ಆ ದುಡ್ಡಿಗೆ ದೊಡ್ಡಬಳ್ಳಾಪುರದ ಕಡೆ ಸೈಟು ಸಿಗುವುದಿಲ್ಲ ನಿಜ, ಸೈಟಿನ ಬ್ರೋಷರಿನಲ್ಲಿ ಅಚ್ಚಾದ ಫ್ಲೆಮಿಂಗೊ ಯಾವ ಖಂಡದ್ದೆಂದು ತಿಳಿಯಲು ಮಾತ್ರ ಉಪಯೋಗಕ್ಕೆ ಬಂದೀತು.

ಜೇಬಿನ ಬೈನಾಕ್ಯುಲರಿನ ನಿಜವಾದ ಕರ್ಮಭೂಮಿ ಕೆರೆಯಲ್ಲ, ನೆಲಮಂಗಲದ ಟೋಲು. ಮುಂದಿನ ಲಾರಿಯ ಫಾಸ್ಟ್ಯಾಗ್ ಓದದೆ ಸಾಲು ನಿಂತಿರುವಾಗ ಹೈಟೆನ್ಷನ್ ಕಂಬದ ಮೇಲೊಂದು ಹದ್ದು ಗೂಡಿಗೆ ಕಡ್ಡಿ ತರುತ್ತಿರುತ್ತದೆ, ನೋಡಬಹುದು. ದೊಡ್ಡಬಳ್ಳಾಪುರದ ಬಸ್ಸಿಗೆ ಕಾಯುವಾಗ ತಂತಿಯ ಮೇಲೆ ಕಾಜಾಣ, ಬೇಲಿ ಮರೆಯಲ್ಲಿ ಕೆಂಬೂತ. ಅದೃಷ್ಟವಿದ್ದರೆ ನಮ್ಮ ರಾಜ್ಯಪಕ್ಷಿ ನೀಲಕಂಠ. 10×42 ಆ ಹೊತ್ತಿಗೆ ಮನೆಯ ಬೀರುವಿನಲ್ಲಿ, ಫೋಮಿನ ಹಾಸಿಗೆಯ ಮೇಲೆ, ಫಂಗಸ್ ಬರದಿರಲೆಂದು ಇಟ್ಟ ಸಿಲಿಕಾ ಪೊಟ್ಟಣಗಳ ನಡುವೆ ಸುಖವಾಗಿ ಮಲಗಿರುತ್ತದೆ. ಹತ್ತು ಸಾವಿರದೊಳಗೆ ಹೆಸರಾಂತ ಕಂಪನಿಯ 8×25 ಅಥವಾ 8×21 ಬರುತ್ತದೆ. ಸಾಕು.

ಗ್ರಾಮಾಂತರದಲ್ಲಿ ಸಣ್ಣದನ್ನೇ ಕೊಳ್ಳಲು ಇನ್ನೊಂದು ಕಾರಣವಿದೆ, ಯಾವ ವಿಮರ್ಶೆಯ ವಿಡಿಯೊದಲ್ಲೂ ಅದನ್ನು ಹೇಳುವುದಿಲ್ಲ. ಇಲ್ಲಿ ಕಣ್ಣಿಗೆ ಉಪಕರಣ ಇಟ್ಟುಕೊಂಡು ಹೊಲದತ್ತ ನೋಡುವವನು ಹಕ್ಕಿಯವನೆಂದು ಯಾರೂ ನಂಬುವುದಿಲ್ಲ. ನಂಬಲು ಕಾರಣವೂ ಇಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೂರದಿಂದ ನೋಡಿಹೋದವರೆಲ್ಲ ಆಮೇಲೆ ಹತ್ತಿರ ಬಂದಿದ್ದಾರೆ, ಕಲ್ಲು ನೆಟ್ಟಿದ್ದಾರೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಾಗ ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕೂರಬೇಕಾಯಿತು; 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಕೈಬಿಟ್ಟೆವು ಅಂದರು. ಅದೇ ತಿಂಗಳ 2ರಂದು ಸಚಿವ ಸಂಪುಟ ನಂದಿ ಬೆಟ್ಟದ ಮೇಲೆ ಸಭೆ ಸೇರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಒಪ್ಪಿತ್ತು. ಬೆಟ್ಟದ ತುದಿಯಿಂದ ಕೆಳಗೆ ನೋಡಿದವರಿಗೆ ಗ್ರಾಮ ಯಾವುದೂ ಕಾಣದಿದ್ದರೆ ತಪ್ಪೇನು? ಸರ್ಕಾರಿ ಬೈನಾಕ್ಯುಲರನ್ನು ಯಾವಾಗಲೂ ಹಿಂದುಮುಂದಾಗಿಯೇ ಹಿಡಿಯುವುದು ವಾಡಿಕೆ. ಇತ್ತ ರನ್‌ವೇ ಬೇಲಿಯ ಆಸುಪಾಸಿನಲ್ಲಿ ಗೇಣುದ್ದದ ದುರ್ಬೀನು ಎತ್ತಿದರೆ ಭದ್ರತೆಯವರು ಬಂದು ವಿಚಾರಿಸುತ್ತಾರೆ. ಅಂದಹಾಗೆ ಈ ಜಿಲ್ಲೆಯಲ್ಲಿ ಸಂಬಳ ಪಡೆದು, ದಿನವೂ ಶ್ರದ್ಧೆಯಿಂದ ಹಕ್ಕಿ ನೋಡುವವರು ವಿಮಾನ ನಿಲ್ದಾಣದವರೇ. ವಿಮಾನಕ್ಕೆ ಬಡಿಯದಂತೆ ಅವನ್ನು ಓಡಿಸಲು.

ಹೀಗಾಗಿ ದೇವನಹಳ್ಳಿ ತಾಲ್ಲೂಕಿನ ಒಂದು ಕೆರೆ ಅಂಗಳದಲ್ಲಿ ನಾನು ಎಂಟು ಪಟ್ಟಿನ ಪುಟ್ಟದನ್ನು ಕಣ್ಣಿಗೆ ಹಿಡಿದಾಗಲೂ ಪಕ್ಕದಲ್ಲಿ ಕೆಮ್ಮು ಕೇಳಿಸಿತು. ಎರಡು ಹಸು ಹಿಡಿದ ಯಜಮಾನರು.

“ಏನ್ ಸಾಮಿ, ಸರ್ವೆನಾ?”

“ಅಲ್ಲ ಯಜಮಾನ್ರೆ, ಹಕ್ಕಿ ನೋಡ್ತಿದೀನಿ.”

“ಹೂಂ. ಹಿಂದ್ಲ ದಪ ಬಂದೋರೂ ಮೊದ್ಲು ಹಿಂಗೇ ಏನೋ ಅಂದ್ರು.”

“ಅವರದು ಮೂರು ಕಾಲಿನ ಮೇಲೆ ನಿಲ್ಲಿಸೋ ಯಂತ್ರ ಇದ್ದಿರ್ಬೇಕು. ನಂದು ನೋಡಿ, ಜೇಬಲ್ಲಿಡೋದು. ಇದ್ರಲ್ಲಿ ಯಾರ ಜಮೀನೂ ಅಳೆಯಕ್ಕಾಗಲ್ಲ.”

ಅವರು ಅದನ್ನು ತೂಗಿ ನೋಡಿದರು. ಆಟದ ಸಾಮಾನು ಎಂದು ಖಾತ್ರಿಯಾದ ಮೇಲೆ ಮುಖ ಸಡಿಲವಾಯಿತು. ಗುಳುಮುಳುಕ ಎಲ್ಲಿದೆ ಎಂದು ನಾನು ಕೈ ತೋರಿಸಿದರೆ, ಅದನ್ನು ಹುಟ್ಟಿದಾಗಿಂದ ನೋಡ್ತಾ ಇದ್ದೀನಿ ಎಂಬಂತೆ ತಲೆಯಾಡಿಸಿ, ಕೆರೆಯ ಆಚೆ ದಡದ ರಾಗಿ ಹೊಲದತ್ತ ತಿರುಗಿಸಿದರು. ಫೋಕಸ್ ಚಕ್ರವನ್ನು ನಾನು ಹೇಳಿಕೊಡುವ ಮೊದಲೇ ಕಂಡುಕೊಂಡರು. ಬಹಳ ಹೊತ್ತು ನೋಡಿದರು.

“ಅಯ್ಯೋ ಇವ್ನ ಮನೆ ಹಾಳಾಗ! ನಮ್ಮಣ್ಣನ ಮಗ ಬದು ಒತ್ತವ್ನೆ ಸಾಮಿ! ಕಲ್ಲು ಈಚೆಗೆ ತಂದವ್ನೆ! ಇಲ್ಲಿಂದ ಕಾಣಾಕಿಲ್ಲ ಅಂದ್ಕೊಂಡವ್ನೆ!”

“ನೋಡೋಣ, ಕೊಡಿ ಯಜಮಾನ್ರೆ.”

“ತಡೀರಿ. ಇದ್ರಾಗೆ ಫೋಟೊ ಬರ್ತದಾ? ತಹಸೀಲ್ದಾರ್ರಿಗೆ ತೋರಿಸ್ಬೇಕು.”

“ಫೋಟೊ ಬರಲ್ಲ, ಬರೀ ನೋಡೋಕೆ.”

ಅವರು ಬೈನಾಕ್ಯುಲರ್ ಕೆಳಗಿಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಮತ್ತೆ ಅದ್ಯಾವ ಸುಖಕ್ಕೆ ಕೊಂಡ್ಕೊಂಡ್ರಿ?”