ಹಾಲಿನ ಡಬ್ಬದಲ್ಲಿ ಬಂದ ರುಜು

ಅಮೆರಿಕದ ಪಟಕೆಟ್ ಊರಿನ ಬೇಸ್‌ಬಾಲ್ ತಂಡ ಪಟಕೆಟ್ ರೆಡ್ ಸಾಕ್ಸ್ ಅಂದ ಕೂಡಲೇ ಎಲ್ಲರೂ 33 ಇನಿಂಗ್ಸ್ ಆಟದ ಸುದ್ದಿ ಎತ್ತುತ್ತಾರೆ. ಎತ್ತಲಿ, ನಾನೂ ಅಲ್ಲಿಗೇ ಬರ್ತೀನಿ. ಆದರೆ ಆ ತಂಡದ ಮೇಲೆ ನನಗೆ ಮೊದಲು ಮನಸ್ಸು ಬಿದ್ದಿದ್ದು ಹಾಲಿನ ಡಬ್ಬದ ಕಥೆಯಿಂದ. ಅವರ ಮೆಕಾಯ್ ಸ್ಟೇಡಿಯಂನಲ್ಲಿ ಪ್ರೇಕ್ಷಕರ ಮೊದಲ ಸಾಲೇ ಮೈದಾನಕ್ಕಿಂತ ಎಷ್ಟೋ ಎತ್ತರದಲ್ಲಿತ್ತು. ಆಟಗಾರರು ಕೂರುವ ಡಗ್‌ಔಟ್ ಅದರ ಕೆಳಗೆ. ಮಕ್ಕಳಿಗೆ ರುಜು ಬೇಕು, ಕೈ ಎಟುಕಲ್ಲ. ಮಕ್ಕಳು ಸುಮ್ಮನಿರ್ತಾರಾ? ಹಾಲಿನ ಪ್ಲಾಸ್ಟಿಕ್ ಡಬ್ಬದ ಒಂದು ಮಗ್ಗುಲು ಕತ್ತರಿಸಿ, ಒಳಗೆ ಚೆಂಡು, ಪೆನ್ನು ಇಟ್ಟು, ದಾರ ಕಟ್ಟಿ ಡಗ್‌ಔಟಿನ ಮುಂದೆ ಇಳಿಬಿಟ್ಟರು. ಒಳಗಿನ ಆಟಗಾರ ರುಜು ಹಾಕಿ ವಾಪಸ್ ಇಟ್ಟರೆ ಮೇಲಕ್ಕೆ ಎಳೆದುಕೊಳ್ಳೋದು. ಮೀನು ಹಿಡಿಯೋದು ಅಂತಲೇ ಅಲ್ಲಿನವರು ಕರೀತಿದ್ದರಂತೆ.

ಮಲ್ಲೇಶ್ವರದಲ್ಲಿ ನಮ್ಮ ಸೋದರತ್ತೆಯದು ಮಹಡಿ ಮೇಲಿನ ಮನೆ. ಸೊಪ್ಪಿನವಳ ಕೂಗು ಕೇಳಿದ್ದೇ ತಡ, ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಚಿಲ್ಲರೆ ಹಾಕಿ ಬೀದಿಗೆ ಇಳಿಬಿಡೋರು. ದಂಟಿನ ಸೊಪ್ಪಿನ ಜೊತೆಗೆ ಬೀದಿಯ ಸಮಾಚಾರವೂ ಮೇಲೆ ಬರೋದು. ಹಗ್ಗ ಎಳೆಯೋದಕ್ಕೆ ನಮ್ಮ ನಮ್ಮಲ್ಲೇ ಪೈಪೋಟಿ. ಹಾಗಾಗಿ ಆ ಪಟಕೆಟ್ ಮಕ್ಕಳ ಆತುರ ನನಗೆ ಚೆನ್ನಾಗಿ ಅರ್ಥವಾಗುತ್ತೆ. ಎಳೆದ ಮೇಲೆ ಏನು ಬಂದಿದೆಯೋ ಅಂತ ಬಗ್ಗಿ ನೋಡೋ ಸುಖವೇ ಬೇರೆ, ಅಲ್ವಾ?

ಇನ್ನು ಆ ಸ್ಟೇಡಿಯಂ ಎದ್ದದ್ದು ಜೌಗು ನೆಲದ ಮೇಲೆ. ಮೇಯರ್ ಥಾಮಸ್ ಮೆಕಾಯ್ ಹಟಕ್ಕೆ ಬಿದ್ದು ಕಟ್ಟಿಸಿದ; ಊರವರು ಅದನ್ನು ಮೆಕಾಯ್‌ನ ಹುಚ್ಚು ಅಂತ ಆಡಿಕೊಂಡರು. 1942ಕ್ಕೆ ಆಟ ಶುರುವಾಯ್ತು. ಊರು ಹತ್ತಿಯ ಗಿರಣಿಗಳದ್ದು. ಅಮೆರಿಕದಲ್ಲಿ ನೀರಿನ ಬಲದಿಂದ ಹತ್ತಿ ನೂತ ಸ್ಲೇಟರ್ ಗಿರಣಿ 1793ರಲ್ಲಿ ಎದ್ದದ್ದು ಅಲ್ಲೇ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಊರಿಗೆ ಸಂಜೆ ಹೊತ್ತು ಹೋಗಿ ಕೂರೋಕೆ ಒಂದು ಜಾಗ ಬೇಕಲ್ಲ. 1970ರಲ್ಲಿ ಬಾಸ್ಟನ್‌ನವರ ಕಿರಿಯ ತಂಡ ಬಂತು, 1973ಕ್ಕೆ ಮೇಲಿನ ದರ್ಜೆಯದ್ದೇ ಬಂತು. ಆದರೆ ಹಣದ ವಿಚಾರದಲ್ಲಿ ಮಾಲೀಕರು ಮೇಲೇಳಲೇ ಇಲ್ಲ, ತಂಡ ದಿವಾಳಿಯಾಯ್ತು.

ಆಗ ಬಂದವರು ಬೆನ್ ಮಾಂಡೋರ್. 1977. ಕೆನಡಾದಲ್ಲಿ ಹುಟ್ಟಿ, ಬಟ್ಟೆ ಗಿರಣಿ ವ್ಯವಹಾರದಲ್ಲಿ ದುಡ್ಡು ಮಾಡಿ, ಇನ್ನು ಆರಾಮಾಗಿ ಇರೋಣ ಅಂದುಕೊಂಡಿದ್ದ ಮನುಷ್ಯ. ಮುಳುಗಿದ ತಂಡವನ್ನು ತಲೆ ಮೇಲೆ ಹೊತ್ತುಕೊಂಡರು. ಅವರು ಮಾಡಿದ್ದು ದೊಡ್ಡ ಮಂತ್ರವೇನಲ್ಲ ನೋಡಿ: ಜಾಗ ಚೊಕ್ಕಟ ಮಾಡಿಸಿದರು, ಟಿಕೆಟ್ ಅಗ್ಗ ಇಟ್ಟರು, ಗಾಡಿ ನಿಲ್ಲಿಸೋಕೆ ಕಾಸು ಕೇಳಲಿಲ್ಲ. ಗಿರಣಿ ಕೆಲಸದವರು ಮಕ್ಕಳುಮರಿ ಕಟ್ಟಿಕೊಂಡು ಬರಬೇಕು ಅನ್ನೋದು ಅವರ ಲೆಕ್ಕ. ಮೊದಲ ವರ್ಷ ಇಡೀ ಸೀಸನ್‌ಗೆ 70 ಸಾವಿರದಷ್ಟು ಜನ. 2005ಕ್ಕೆ 6 ಲಕ್ಷ 88 ಸಾವಿರ! ಇಂಥವರನ್ನು ಕಂಡರೆ ನನಗೆ ತುಂಬಾ ಗೌರವ.

ಸರಿ, 33 ಇನಿಂಗ್ಸ್ ಆಟದ ಆ ರಾತ್ರಿಗೆ ಬರೋಣ. 1981ರ ಏಪ್ರಿಲ್ 18, ಈಸ್ಟರ್ ಹಿಂದಿನ ಶನಿವಾರ, ರಾಚೆಸ್ಟರ್ ರೆಡ್ ವಿಂಗ್ಸ್ ಜೊತೆ. ಮೊದಲಿಗೇ ದೀಪ ಕೈಕೊಟ್ಟು ಅರ್ಧ ಗಂಟೆ ತಡ. 9 ಇನಿಂಗ್ಸ್‌ಗೆ ಮುಗಿಯಬೇಕಾದ್ದು 1-1ಕ್ಕೆ ನಿಂತಿತು. 21ನೆಯದರಲ್ಲಿ ರಾಚೆಸ್ಟರ್ ಒಂದು ರನ್ ಗಳಿಸಿದರೆ, ಪಟಕೆಟ್‌ನ ವೇಡ್ ಬಾಗ್ಸ್ ಹೊಡೆದು ಮತ್ತೆ ಸಮ ಮಾಡಿದ. ಗೆಲ್ಲೋದಲ್ಲ, ಸಮ! ಆ ಚಳಿಯಲ್ಲಿ ಜೊತೆಗಾರರಿಗೆ ಅವನನ್ನು ಅಪ್ಪಿಕೊಳ್ಳಬೇಕೋ ಗುದ್ದಬೇಕೋ ತಿಳಿಯದಂತಾಗಿರಬೇಕು, ಅಲ್ವಾ? ಮುರಿದ ಬ್ಯಾಟು, ಬೆಂಚಿನ ಹಲಗೆ ಎಲ್ಲ ಪೀಪಾಯಿಯಲ್ಲಿ ಹಾಕಿ ಬೆಂಕಿ ಕಾಯಿಸಿಕೊಂಡರು. ಪಟಕೆಟ್‌ನ ಸ್ಯಾಮ್ ಬೋವೆನ್ ಹೊಡೆದ ಚೆಂಡೊಂದು ಬೇಲಿ ದಾಟಿಯೇ ಬಿಟ್ಟಿತು ಅನ್ನುವಷ್ಟರಲ್ಲಿ ಗಾಳಿ ಅದನ್ನು ಒಳಕ್ಕೆ ತಳ್ಳಿತು.

ರಾತ್ರಿ 12:50 ದಾಟಿದ ಮೇಲೆ ಹೊಸ ಇನಿಂಗ್ಸ್ ಶುರು ಮಾಡಬಾರದು ಅಂತ ಲೀಗಿನಲ್ಲಿ ನಿಯಮ ಇತ್ತು. ಆದರೆ ಅಂಪೈರ್‌ಗಳ ಕೈಲಿದ್ದ ಪುಸ್ತಕದಲ್ಲಿ ಆ ಸಾಲೇ ಬಿಟ್ಟುಹೋಗಿತ್ತು. ಪುಸ್ತಕದಲ್ಲಿ ಇಲ್ಲ, ಹಾಗಾಗಿ ಆಟ ನಿಲ್ಲಲ್ಲ! ಕೊನೆಗೆ ಲೀಗಿನ ಅಧ್ಯಕ್ಷ ಹೆರಾಲ್ಡ್ ಕೂಪರ್ ಫೋನಿಗೆ ಸಿಕ್ಕಿ, ಈ ಇನಿಂಗ್ಸ್ ಆದ ಮೇಲೆ ನಿಲ್ಲಿಸಿ ಅಂದ. ಆಟ ನಿಂತಾಗ ಬೆಳಗಿನ ಜಾವ 4:07. 32 ಇನಿಂಗ್ಸ್ ಆಗಿತ್ತು, 2-2. ಸಂಜೆ ಬಂದಿದ್ದ 1,740 ಜನರಲ್ಲಿ ಉಳಿದಿದ್ದವರು 19. ಅಷ್ಟೂ ಜನಕ್ಕೆ ಸೀಸನ್ ಪಾಸ್ ಕೊಟ್ಟರು. ಕೊಡಲೇಬೇಕಿತ್ತು ಬಿಡಿ.

ಜೂನ್ 23ಕ್ಕೆ ಉಳಿದ ಆಟ. ದೊಡ್ಡ ಲೀಗಿನ ಆಟಗಾರರು ಮುಷ್ಕರ ಹೂಡಿದ್ದ ಕಾಲ, ಬರೆಯೋಕೆ ಬೇರೇನೂ ಇಲ್ಲದ ಪತ್ರಕರ್ತರೆಲ್ಲ ಪಟಕೆಟ್‌ಗೆ ಬಂದು ಕೂತರು. 18 ನಿಮಿಷದಲ್ಲಿ ಮುಗಿದುಹೋಯ್ತು! ಪಟಕೆಟ್‌ನ ಡೇವ್ ಕೋಜಾ ಹೊಡೆದ, ಮಾರ್ಟಿ ಬ್ಯಾರೆಟ್ ಓಡಿ ಬಂದ, 3-2. ಬಾಗ್ಸ್ ಮತ್ತು ರಾಚೆಸ್ಟರ್ ಕಡೆ ಆಡಿದ ಕ್ಯಾಲ್ ರಿಪ್ಕಿನ್ ಇಬ್ಬರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಕೋಜಾಗೆ ಮಾತ್ರ ದೊಡ್ಡ ಲೀಗಿನಲ್ಲಿ ಒಂದೇ ಒಂದು ಆಟವೂ ಸಿಗಲಿಲ್ಲ. ನನ್ನ ಕೇಳಿದರೆ ಪಟಕೆಟ್‌ನ ನಿಜವಾದ ಮಗ ಅವನೇ. ಇಂಥ ಊರುಗಳ ಮೈದಾನ ತುಂಬಿಸಿದವರು ಹೆಚ್ಚಿನಂಶ ಕೋಜಾನಂಥವರು.

ಮಾಂಡೋರ್ 2010ರಲ್ಲಿ ತೀರಿಕೊಂಡರು. 2015ರಲ್ಲಿ ತಂಡ ಕೈ ಬದಲಾಯಿತು, ಹೊಸ ಸ್ಟೇಡಿಯಂ ಬೇಕು ಅನ್ನೋ ಜಗ್ಗಾಟ ನಡೆದು, 2021ಕ್ಕೆ ಪಕ್ಕದ ರಾಜ್ಯದ ವೂಸ್ಟರ್ ಪಾಲಾಯ್ತು. ನನಗಿದು ಇವತ್ತಿಗೂ ಒಪ್ಪಿಗೆಯಿಲ್ಲ. ಕೊನೆಯ ವರ್ಷ, 2020ರಲ್ಲಿ, ಕೋವಿಡ್‌ನಿಂದ ಆಟವೇ ರದ್ದಾಗಿ ಸರಿಯಾಗಿ ಬೀಳ್ಕೊಡೋಕೂ ಆಗಲಿಲ್ಲ. ಹುಲ್ಲಿನ ಮೇಲೆ ಮೇಜು ಹಾಕಿ ಊರವರಿಗೆ ಊಟಕ್ಕೆ ಕರೆದರು. ಮಕ್ಕಳೆಲ್ಲ ಕೊನೆಗೆ ಮೈದಾನಕ್ಕೇ ಇಳಿದ ಹಾಗಾಯ್ತು.

ಅಯ್ಯೋ, ಲೂಯಿಸ್ ಅಪೊಂಟೆ ವಿಷಯ ಹೇಳಲೇ ಇಲ್ಲವಲ್ಲ! 1981ರ ಆ ರಾತ್ರಿ ಪಟಕೆಟ್ ಕಡೆ ಪಿಚ್ ಮಾಡಿದವನು. ತನ್ನ ಪಾಲು ಮುಗಿಸಿ, ಮ್ಯಾನೇಜರ್ ಹೋಗು ಅಂದ ಮೇಲೆ ನಸುಕಿನಲ್ಲಿ ಮನೆಗೆ ಹೋದ. ಹೆಂಡತಿ ಬಾಗಿಲಲ್ಲೇ ತಡೆದು, ಎಲ್ಲಿದ್ದೆ ಇಷ್ಟು ಹೊತ್ತು ಅಂದಳಂತೆ. ಆಟದ ಮೈದಾನದಲ್ಲಿ ಅಂದರೆ ಯಾರು ನಂಬ್ತಾರೆ? ಬೆಳಿಗ್ಗೆ ಪೇಪರ್ ತೋರಿಸಿ ಸಮಾಧಾನ ಮಾಡೋಣ ಅಂದರೆ ಪೇಪರಿನಲ್ಲಿ ಫಲಿತಾಂಶ ಬರೋದಾದರೂ ಹೇಗೆ, ಆಟವೇ ಮುಗಿದಿರಲಿಲ್ಲವಲ್ಲ!