ಟ್ಯಾಕ್ಸಿ ಕಳೆ

ನಮ್ಮ ಬಿಳಿ ಕಾರಿನ ಹಿಂದಿನ ಸೀಟಿಗೆ ಅಪರಿಚಿತರು ಬಂದು ಕೂರುವುದು ಈಗ ಮಾಮೂಲು. ಮೊನ್ನೆ ರೈಲ್ವೆ ಸ್ಟೇಷನ್ ಎದುರು ಒಬ್ಬರು ಕೂತವರೇ ಓಟಿಪಿ ಒಪ್ಪಿಸಿ, "ಸ್ವಲ್ಪ ಏಸಿ ಹಾಕಪ್ಪಾ" ಎಂದರು. ಹಾಕಿದೆ. ಮುಂದಿದ್ದ ನನ್ನ ಹೆಂಡತಿಯನ್ನು ನೋಡಿ, "ಮೊದಲು ಮೇಡಂ ಡ್ರಾಪಾ?" ಅಂತಲೂ ವಿಚಾರಿಸಿದರು.

ಅವರದೇನು ತಪ್ಪು? ಕಂಪನಿಯವರು ಮಾರಾಟದ ಲೆಕ್ಕ ತುಂಬಿಸಲು ಒಂದು ಮಾಡೆಲನ್ನು ಟ್ಯಾಕ್ಸಿಯವರಿಗೆ ಸಗಟಾಗಿ ಕೊಟ್ಟರೆ, ನಮ್ಮ ಬಿಳಿ ನಂಬರ್ ಪ್ಲೇಟಿಗೂ ಹಳದಿ ಕಳೆ ಬರುತ್ತದೆ. ಬಿಡದಿಯಲ್ಲಿ ತಯಾರಾದ ಎಟಿಯೋಸ್ 2010ರಲ್ಲಿ ಸಂಸಾರಸ್ಥರಿಗೆಂದೇ ಬಂತು. ಅದರ ದೊಡ್ಡ ಡಿಕ್ಕಿ ಟ್ಯಾಕ್ಸಿಯವರಿಗೆ ಹಿಡಿಸಿತು; ಸಂಸಾರಸ್ಥರು ಮೆಲ್ಲಗೆ ಜಾರಿಕೊಂಡರು. 2008ರಲ್ಲಿ ಕಾಣಿಸಿಕೊಂಡ ನ್ಯಾನೋಗೆ 'ಲಕ್ಷ ರೂಪಾಯಿ ಕಾರು' ಎಂಬ ಪ್ರಚಾರವೇ ಮುಳುವಾಯಿತು. ಅಗ್ಗದ ಕಾರು ಎಲ್ಲರಿಗೂ ಬೇಕು, ಅಗ್ಗವೆಂದು ಪಕ್ಕದ ಮನೆಗೆ ಮಾತ್ರ ಗೊತ್ತಾಗಬಾರದು! ಮಾರುತಿಯವರು ಜಾಣರು, ಟ್ಯಾಕ್ಸಿ ಡಿಸೈರ್‌ಗೆ 'ಟೂರ್' ಎಂದು ಬೇರೆ ಹೆಸರಿಟ್ಟರು.

ಮಾರಲು ಹೋದರೆ ಬ್ರೋಕರ್ ಬಾನೆಟ್ಟನ್ನೂ ಎತ್ತಲಿಲ್ಲ. "ಟ್ಯಾಕ್ಸಿ ಗಾಡಿ ಸಾರ್, ಫ್ಯಾಮಿಲಿ ಪಾರ್ಟಿ ಮುಟ್ಟಲ್ಲ" ಎಂದು ಟೈರಿಗೊಂದು ಒದ್ದ, ಅಷ್ಟೇ. ಆದ್ದರಿಂದ ಕಾರು ಕೊಳ್ಳುವ ಮಹನೀಯರೇ, ಮೈಲೇಜು ಆಮೇಲೆ ಕೇಳಿ. ಮೊದಲು ವಿಮಾನ ನಿಲ್ದಾಣದ ಟ್ಯಾಕ್ಸಿ ಸಾಲಿನಲ್ಲಿ ಅದೇ ಗಾಡಿ ಎಷ್ಟಿವೆ ಎಂದು ಎಣಿಸಿ ಬನ್ನಿ.